ಆವಾರಂಪಾಳಯದಿಂದ ಕೋಟಗಿರಿಗೆ

ಕೊಯಮತ್ತೂರು ಅಂದರೆ ನಮ್ಮ ಕಡೆಯ ಅಡುಗೆಮನೆಗಳಿಗೆ ವೆಟ್ ಗ್ರೈಂಡರ್. ಆ ಗ್ರೈಂಡರ್‌ಗಳು, ಬೋರ್‌ವೆಲ್ಲಿಗೆ ಇಳಿಸುವ ಪಂಪುಗಳು, ಮೋಟಾರುಗಳು ಹುಟ್ಟುವ ಜಾಗ ನೋಡಬೇಕೆಂದರೆ ಆವಾರಂಪಾಳಯ, ಗಣಪತಿ, ಪೀಳಮೇಡು ಕಡೆಯ ಗಲ್ಲಿಗಳಿಗೆ ಹೋಗಬೇಕು. ಬೆಳಿಗ್ಗೆ ಎಂಟೂವರೆಗೆಲ್ಲ ಶಟರ್‌ಗಳು ಮೇಲೇರುತ್ತವೆ. ಒಂದು ಶೆಡ್ಡಿನಲ್ಲಿ ಎರಕ, ಪಕ್ಕದ್ದರಲ್ಲಿ ಲೇತ್, ಅದರಾಚೆ ಕಾಯಿಲ್ ಸುತ್ತುವವರು. ಮೋರಿಯ ಪಕ್ಕದ ಮಣ್ಣಿನಲ್ಲೂ ಕಬ್ಬಿಣದ ತುರಿ ಮಿನುಗುತ್ತಿರುತ್ತದೆ.

1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ದೇಶದ ಮೊದಲ ಎಲೆಕ್ಟ್ರಿಕ್ ಮೋಟಾರ್ ತಯಾರಿಸಿದ ಊರು ಇದು. ಅರ್ಧ ಶತಮಾನದ ನಂತರ ಇಲ್ಲಿನ ಗಿರಣಿ ಮನೆತನದ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಹಾಕಿ ರೇಸ್ ಕಾರುಗಳನ್ನು ಕಟ್ಟಿಸಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರಿನ ಟ್ರ್ಯಾಕ್ ಚೆಟ್ಟಿಪಾಳಯಂನಲ್ಲಿದೆ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಇಲ್ಲಿಯವರೇ. ಹೀಗಾಗಿ ಈ ಊರಿನಲ್ಲಿ ಹಳೆ ಸ್ಪೋರ್ಟ್ಸ್ ಕಾರಿಟ್ಟುಕೊಂಡವನನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನಮ್ಮ ತಿಪಟೂರಿನಲ್ಲಾಗಿದ್ದರೆ ಮನೆ ಮುಂದೆ ಜನ ಸೇರುತ್ತಿದ್ದರು.

ನನ್ನದು 2001ರ ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ಬಟ್ಟೆಯ ಚಾವಣಿ, 1.6 ಲೀಟರ್ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ಇಂಗ್ಲೆಂಡಿನಿಂದ ವಾಪಸಾದ ಡಾಕ್ಟರೊಬ್ಬರು ಜೊತೆಯಲ್ಲಿ ತಂದಿದ್ದ ಕಾರು. ಪೆಟ್ರೋಲ್ ಬಂಕಿನ ಹುಡುಗರಿಗೆ ಹೆಸರು ಹೇಳಿದರೆ 'ಸ್ವರಾಜ್ ಮಾಜ್ದಾ ಲಾರಿಯವರದ್ದಾ?' ಎನ್ನುತ್ತಾರೆ. ಎಪ್ಪತ್ತನಾಲ್ಕು ದಾಟಿದ ಡಾಕ್ಟರಿಗೆ ಬೆನ್ನುಮೂಳೆಯ ಡಿಸ್ಕ್ ಜಾರಿ, ಅಷ್ಟು ಕೆಳಗೆ ಕೂತು ಏಳುವುದು ಕಷ್ಟವಾದಾಗ ನನಗೆ ಕೊಟ್ಟರು. ಷರತ್ತು ಎರಡು: ಕಾರಿನ ಮೈಗೆ ವೆಲ್ಡಿಂಗ್ ಕೂಡದು, ಒಂದು ಸಲ ಅವರನ್ನು ಕೋಟಗಿರಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಅವರು ಹನ್ನೊಂದು ವರ್ಷ ಕ್ಲಿನಿಕ್ ನಡೆಸಿದ್ದರು.

ಹೋಗುವ ಮುಂಚೆ ಹಿಂದಿನಿಂದ ಬರುತ್ತಿದ್ದ 'ಡಬ್' ಸದ್ದಿಗೆ ಗತಿ ಕಾಣಿಸಬೇಕಿತ್ತು. ಕಾಲು ಒತ್ತಿದರೆ ಒಂದು ಡಬ್, ತೆಗೆದರೆ ಇನ್ನೊಂದು. ಸದ್ದಿನ ಜೊತೆ ಕಾರಿನ ಬಾಲ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಂತೆ. ನೇರ ರಸ್ತೆಯಲ್ಲಿ ಇದು ಬರೀ ಕಿರಿಕಿರಿ. ಘಾಟಿಯ ತಿರುವಿನ ನಡುವೆ ಹೀಗಾದರೆ ಕೈ ತಾನಾಗಿ ಸ್ಟಿಯರಿಂಗ್ ಅನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಕಾರಣ ಸರಳ. ಎಂಜಿನ್ನಿನಿಂದ ಉದ್ದಕ್ಕೆ ಬಂದ ತಿರುಗುವಿಕೆಯನ್ನು ಅಡ್ಡಕ್ಕೆ ತಿರುಗಿಸಿ ಎರಡು ಚಕ್ರಗಳಿಗೆ ಹಂಚುವುದು ಡಿಫರೆನ್ಷಿಯಲ್. ವೇಗ ಹೆಚ್ಚಿಸಿದಾಗ ಅದರ ಮೂತಿ ಮೇಲೇಳಲು ನೋಡುತ್ತದೆ, ಕಾಲು ತೆಗೆದಾಗ ಕೆಳಗೆ. ಈ ಕಾರಿನಲ್ಲಿ ಆ ಮೂತಿಯನ್ನು ಗೇರ್‌ಬಾಕ್ಸಿನ ಬಾಲಕ್ಕೆ ಒಂದು ಉದ್ದನೆಯ ಅಲ್ಯುಮಿನಿಯಂ ತೊಲೆಯಿಂದ ಬಿಗಿದಿದ್ದಾರೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಸೇರಿ ಒಂದೇ ಕಟ್ಟಿಗೆಯಂತೆ. ಆ ಕಟ್ಟಿಗೆಯನ್ನು ಹೊತ್ತಿರುವುದು ಮುಂದೆ ಎರಡು ಎಂಜಿನ್ ಮೌಂಟು, ಹಿಂದೆ ಡಿಫರೆನ್ಷಿಯಲ್ಲಿನ ಎರಡು ಕಿವಿಗಳಲ್ಲಿ ಕೂರುವ ಎರಡು ರಬ್ಬರ್ ಬುಷ್. ಇಪ್ಪತ್ತು ವರ್ಷಕ್ಕೂ ಮೇಲೆ ತಮಿಳುನಾಡಿನ ಬಿಸಿಲು ತಿಂದ ರಬ್ಬರು ಇಷ್ಟು ಕಾಲ ಬಾಳಿದ್ದೇ ದೊಡ್ಡದು. ಟಾರ್ಚ್ ಬಿಟ್ಟು ನೋಡಿದರೆ ಬಲಗಡೆಯದು ಸುತ್ತ ಅರ್ಧ ಹರಿದಿತ್ತು.

ಆವಾರಂಪಾಳಯದಲ್ಲಿ ಸಹೋದ್ಯೋಗಿಯೊಬ್ಬರು ತೋರಿಸಿದ ಲೇತ್ ಅಂಗಡಿಗೆ ಹೋದೆ. ಮಾತೆಲ್ಲ ತಮಿಳಿನಲ್ಲಿ ನಡೆದಿತ್ತು. ನಡುವೆ ಅಂಗಡಿಯ ಅಣ್ಣ ಒಳಗಿದ್ದ ಹುಡುಗನಿಗೆ 'ಆ ಹತ್ತೊಂಬತ್ತರ ಸ್ಪ್ಯಾನರ್ ಎತ್ಕೊಂಡ್ ಬಾ' ಎಂದರು. ನಾನು ತಿರುಗಿ ನೋಡಿದೆ. ದೇವಾಂಗರ ಮನೆ ಅವರದ್ದು. ತಾತನ ಕಾಲದವರೆಗೆ ಮಗ್ಗ, ಅಪ್ಪನಿಂದ ಲೇತ್. ಮನೆಯಲ್ಲಿ ಕನ್ನಡ, ಓದಲು ಬರೆಯಲು ತಮಿಳು. ವಿಜಯದಶಮಿಗೆ ಚೌಡೇಶ್ವರಿಯ ಮುಂದೆ ಕತ್ತಿಯಿಂದ ಎದೆಗೆ ಹೊಡೆದುಕೊಳ್ಳುತ್ತಾ ಹೋಗುವವರಲ್ಲಿ ಇವರ ಮನೆಯವರೂ ಇರುತ್ತಾರೆ. ಅವರ ಮಾತಿನಲ್ಲಿ ಕೊಂಗುನಾಡಿನ ಎಳೆತವಿದೆ. ನನ್ನ ಕನ್ನಡ ಕೇಳಿ 'ನಿಮ್ದು ಪಿಚ್ಚರ್ ಕನ್ನಡ ಸಾರ್' ಅಂದುಬಿಟ್ಟರು. ಆಮೇಲೆ ನಾವು ಕನ್ನಡದಲ್ಲೇ ಜಗಳವಾಡಿದೆವು.

ಜಗಳ ಯಾವ ಬುಷ್ ಹಾಕುವುದೆಂದು. ಹೊಸ ರಬ್ಬರು ಒಂದು ದಾರಿ. ಪಾಲಿಯುರೆಥೇನ್ ಇನ್ನೊಂದು, ರಬ್ಬರಿಗಿಂತ ಗಡಸು, ಶೋರ್ ಎ ಮಾಪನದಲ್ಲಿ 80ರಿಂದ 95ರವರೆಗೆ ಸಿಗುತ್ತದೆ. ಮೂರನೆಯದು ಗಟ್ಟಿ ಅಲ್ಯುಮಿನಿಯಂ, ಅಣ್ಣನ ಲೇತಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ಎಂ.ಟೆಕ್.ನಲ್ಲಿ ವೈಬ್ರೇಷನ್ ಓದಿ, ಆಮೇಲೆ ಹದಿನೈದು ವರ್ಷ ಕೋಡ್ ಬರೆದ ನನಗೆ ಅಲ್ಯುಮಿನಿಯಂ ಮೇಲೆ ಆಸೆ. ಅಲುಗಾಟವೇ ಇಲ್ಲ ಅಂದರೆ ಸದ್ದೂ ಇಲ್ಲವಲ್ಲ?

'ಡಬ್ ಹೋಗುತ್ತೆ, ಗೊಂಯ್ ಬರುತ್ತೆ' ಎಂದರು ಅಣ್ಣ. ಡಿಫರೆನ್ಷಿಯಲ್ ಹಲ್ಲುಗಳ ಸದ್ದನ್ನು ರಬ್ಬರು ಇಷ್ಟು ವರ್ಷ ನುಂಗಿಕೊಂಡಿತ್ತು. ಅದನ್ನು ತೆಗೆದರೆ ಅಷ್ಟೂ ಸೀಟಿನ ಕೆಳಗೆ ಬಂದು ಕೂರುತ್ತದೆ. ಆಮೇಲೆ ಜಾಕ್ ತಂದು ಹಿಂದಿನ ಒಂದು ಮೂಲೆಯನ್ನು ಮಾತ್ರ ಎತ್ತಿ, ಬಾಗಿಲ ಸಂದಿಗೆ ಫೀಲರ್ ಗೇಜ್ ತೂರಿಸಿದರು. ಮೂಲೆ ಮೇಲೇರಿದಂತೆ ಸಂದಿ ಒಂದು ಕಡೆ ಅಗಲವಾಗಿ, ಇನ್ನೊಂದು ಕಡೆ ಕಿರಿದಾಯಿತು. ಹತ್ತಿರ ಹತ್ತಿರ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಚಾವಣಿಯಿಲ್ಲದ ಕಾರು ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯ ಹಾಗೆ, ಹಿಡಿದು ತಿರುಚಿದರೆ ತಿರುಚಿಕೊಳ್ಳುತ್ತದೆ. 'ಮನೆಯೇ ಅಲ್ಲಾಡ್ತಿದೆ, ನೀವು ಬಾಗಿಲಿನ ಬಿಜಾಗರಿ ಬಿಗೀತೀನಿ ಅಂತೀರಿ.' ಅವರ ತೀರ್ಪು ಹೀಗಿತ್ತು: ಮೊದಲು ತಳಕ್ಕೆ ಬ್ರೇಸ್, ಆಮೇಲೆ ಮಧ್ಯಮ ಗಡಸಿನ ಪಾಲಿ ಬುಷ್. ಬೆನ್ನುನೋವಿನ ಡಾಕ್ಟರು ಪಕ್ಕದಲ್ಲಿ ಕೂರುತ್ತಾರೆಂದು ಹೇಳಿದ ಮೇಲಂತೂ ಅಲ್ಯುಮಿನಿಯಂ ಮಾತೇ ಎತ್ತಗೊಡಲಿಲ್ಲ.

ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ತಗಡಿನ ರೈಲುಗಳಿವೆ. ಜಾಕ್ ಎಲ್ಲೆಂದರಲ್ಲಿ ಕೊಟ್ಟರೆ ಚಪ್ಪಟೆಯಾಗುವಷ್ಟು ತೆಳು. ಅವೆರಡನ್ನು ಬೆಸೆಯುವಂತೆ ಚಿಟ್ಟೆಯ ರೆಕ್ಕೆಯ ಆಕಾರದ ಕೊಳವೆ ಚೌಕಟ್ಟು ಕೂರಿಸುವುದು ಈ ಕಾರಿಗೆ ಎಲ್ಲ ದೇಶದಲ್ಲೂ ಮಾಡುವ ಉಪಾಯ. ವೆಲ್ಡಿಂಗ್ ಬೇಡ, ಬೋಲ್ಟ್ ಸಾಕು. ಆದರೆ ತೂತು ಕೊರೆಯಬೇಕು. ಡಾಕ್ಟರಿಗೆ ಫೋನ್ ಮಾಡಿದೆ.

'ಎಷ್ಟು ತೂತು, ತಂಬಿ?'

'ಎಂಟು.'

'ಎಷ್ಟು ಅಗಲ?'

'ಎಂಟು ಮಿಲಿಮೀಟರ್.'

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಳಗೆ ಬಣ್ಣ ಹಚ್ಚದೆ ಮುಚ್ಚಬೇಡಿ, ತುಕ್ಕು ಸೋಂಕಿದ ಹಾಗೆ ಹರಡುತ್ತೆ' ಎಂದರು.

ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ್ದು ತಲೆಯಲ್ಲಿತ್ತು. ಪರಿಚಯದ ಸರ್ವೇಯರ್ ಒಬ್ಬರನ್ನು ಕೇಳಿ, ವಿಮೆಯವರಿಗೆ ಪತ್ರ ಬರೆದು, ಅವರ ಉತ್ತರ ಬಂದ ಮೇಲೆಯೇ ಕೆಲಸಕ್ಕೆ ಕೈ ಹಚ್ಚಿಸಿದೆ. ಇದನ್ನು ಓದಿ ಯಾರಾದರೂ ಗ್ಯಾರೇಜಿಗೆ ಹೊರಡುವುದಾದರೆ ಮೊದಲು ಆ ಪತ್ರ ಬರೆಯಿರಿ.

ಹಳೆ ಬುಷ್ ತೆಗೆಯುವುದೇ ಅರ್ಧ ದಿನ ಹಿಡಿಯಿತು. ರಬ್ಬರನ್ನು ಡ್ರಿಲ್ಲಿನಿಂದ ಕೊರೆದು ಕಿತ್ತು, ಉಳಿದ ಉಕ್ಕಿನ ಬಳೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಸೀಳಬೇಕು. ಬ್ಲೇಡು ಒಂದು ಚೂರು ಆಳಕ್ಕೆ ಹೋದರೆ ಡಿಫರೆನ್ಷಿಯಲ್ಲಿನ ಅಲ್ಯುಮಿನಿಯಂ ಕಿವಿಗೇ ಗಾಯ, ಅದಕ್ಕೆ ಬದಲಿ ಭಾಗ ಈ ದೇಶದ ಅಂಗಡಿಗಳಲ್ಲಿ ಸಿಗುವುದಿಲ್ಲ. ಅಣ್ಣ ಆ ಇಪ್ಪತ್ತು ನಿಮಿಷ ರೇಡಿಯೋ ಆರಿಸಿದರು, ಹುಡುಗನನ್ನು ಟೀ ತರಲು ಕಳಿಸಿದರು. ಬಳೆ ಸೀಳಿದ ಸದ್ದು ಟಿಣ್ ಎಂದು ಕೇಳಿಸಿತು. ಇಂಗ್ಲೆಂಡಿನಿಂದ ಗೆಳೆಯನ ಸೂಟ್‌ಕೇಸಿನಲ್ಲಿ ಬಂದ ಪಾಲಿ ಬುಷ್‌ಗಳಿಗೆ ಸಿಲಿಕೋನ್ ಗ್ರೀಸ್ ಬಳಿದು ಪ್ರೆಸ್ಸಿಗಿಟ್ಟರೆ ಎರಡೇ ನಿಮಿಷ. ಸಂಜೆ ಬ್ರೇಸ್ ಬಿಗಿದು ಮತ್ತೆ ಮೂಲೆ ಎತ್ತಿದಾಗ ಸಂದಿಯ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ.

ಮುಂದಿನ ಭಾನುವಾರ ನಸುಕಿನಲ್ಲೇ ಡಾಕ್ಟರನ್ನು ಕೂರಿಸಿಕೊಂಡು ಹೊರಟೆ. ಬೆನ್ನಿನ ಹಿಂದೆ ಒಂದು ದಿಂಬು, ಕೈಯಲ್ಲಿ ಫ್ಲಾಸ್ಕು. ಮೇಟ್ಟುಪಾಳಯಂವರೆಗೆ ಲಾರಿಗಳ ಹಿಂದೆ ತೆವಳುವುದೇ ಆಯಿತು. ಅಲ್ಲಿಂದಾಚೆ ಎರಡು ದಾರಿ. ಒಂದು ಕೂನೂರಿಗೆ, ಹಲ್ಲಿನ ಹಳಿಯ ಪುಟ್ಟ ರೈಲಿನ ಕಡೆಗೆ. ಇನ್ನೊಂದು ಕೋಟಗಿರಿಗೆ, ಸುಮಾರು 33 ಕಿಲೋಮೀಟರ್, ಗದ್ದಲ ಕಡಿಮೆ. ಅಡಿಕೆ ತೋಟಗಳ ತಂಪು ಮುಗಿದು ಒಣ ಕಾಡು, ಅದೂ ಮುಗಿದು ಚಹಾ ತೋಟ. ಎರಡನೇ ಗೇರಿನಲ್ಲಿ ತಿರುವು ಹಿಡಿದು ಕಾಲು ಒತ್ತಿದರೆ ಹಿಂದಿನಿಂದ ಸದ್ದೇ ಇಲ್ಲ. ಕಾರು ಒಂದೇ ತುಂಡಾಗಿ ತಿರುಗಿತು. ಗಂಟೆಗೆ 60ರ ಸುಮಾರಿಗೆ ಸಣ್ಣಗೆ ಒಂದು ಗುಂಯ್ ಇತ್ತು, ಅಣ್ಣ ಹೇಳಿದಂತೆಯೇ. ಡಾಕ್ಟರು ಅರ್ಧ ಘಾಟಿ ಮಾತಾಡಲಿಲ್ಲ. ನಾನು ಪ್ರತಿ ಹಳ್ಳದಲ್ಲೂ ಅವರ ಮುಖ ನೋಡುತ್ತಿದ್ದೆ. ಕೊನೆಗೆ 'ರಸ್ತೆ ನೋಡಿ, ನನ್ನ ಬೆನ್ನು ನನಗಿರಲಿ' ಎಂದರು.

ಕೋಟಗಿರಿ ಬಡಗರ ಸೀಮೆ. ಅವರ ಊರುಗಳಿಗೆ ಹಟ್ಟಿ ಎಂದೇ ಹೆಸರು. ಚಹಾ ಅಂಗಡಿಯ ಮುಂದೆ ಬಿಳಿ ಮುಂಡು ಸುತ್ತಿದ ಅಜ್ಜಿಯೊಬ್ಬರು ಡಾಕ್ಟರ ಗುರುತು ಹಿಡಿದು ಬಡಗ ಮಾತಿನಲ್ಲಿ ಏನೇನೋ ವಿಚಾರಿಸಿದರು. ನಿಧಾನವಾಗಿ ಕೇಳಿಸಿಕೊಂಡರೆ ಮುಕ್ಕಾಲು ಪಾಲು ನನಗೆ ಅರ್ಥವಾಗುತ್ತಿತ್ತು. ತಮಿಳರಾದ ಡಾಕ್ಟರು ಹನ್ನೊಂದು ವರ್ಷದ ಅಭ್ಯಾಸದಿಂದ ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಅಜ್ಜಿಯ ಕಂಪ್ಲೇಂಟು ಮಂಡಿನೋವಿನದು. ಡಾಕ್ಟರು ರಸ್ತೆಬದಿಯ ಬೆಂಚಿನ ಮೇಲೇ ಮಂಡಿ ಒತ್ತಿ ನೋಡಿದರು. ಕಾರಿನಿಂದ ಏಳಲು ಅವರಿಗೆ ಎರಡು ಪ್ರಯತ್ನ ಬೇಕಾಗಿತ್ತು. ಬೆಂಚಿನಿಂದ ಏಳಲು ಒಂದೇ ಸಾಕಾಯಿತು.

ಇಳಿಯುವಾಗ ಎಂಜಿನ್ನಿನ ಬಿಗಿತದಲ್ಲೇ ಕಾರನ್ನು ಹಿಡಿದುಕೊಂಡು ಬಂದೆ. ಇಳಿಜಾರಿನಲ್ಲೂ ಡಬ್ ಬರಲಿಲ್ಲ. ಕಾರಮಡೈ ಹತ್ತಿರದ ಉಬ್ಬಿನ ಮೇಲೆ ಮಾತ್ರ ಬ್ರೇಸ್ ತಳ ಕರಕರ ಎಂದು ಉಜ್ಜಿತು. ಈ ಕಾರು ಮೊದಲೇ ನೆಲದಿಂದ ಅರ್ಧ ಗೇಣು, ಈಗ ಅದರಲ್ಲೂ ಒಂದು ಬೆರಳು ಕಡಿಮೆ. 'ಎಂಟು ತೂತಲ್ಲಿ ಇದನ್ನು ಲೆಕ್ಕ ಹಿಡಿದಿರಲಿಲ್ಲ' ಎಂದು ಡಾಕ್ಟರು ನಕ್ಕರು. ಅಣ್ಣನಿಗೆ ಫೋನ್ ಮಾಡಿದ್ದೇನೆ. ದುಂಡು ಕೊಳವೆಯ ಬದಲು ಚಪ್ಪಟೆ ಪಟ್ಟಿ ಹಾಕಿಕೊಡುತ್ತಾರಂತೆ, ಶನಿವಾರ ಬೆಳಿಗ್ಗೆ ಬರಲು ಹೇಳಿದ್ದಾರೆ.