ಹೆಜ್ಜೆ ಮೂಡದ ಮರಳು

ಕೂಡಿಸಿಕೊಳ್ಳುವುದು ಸುಲಭ, ಬಿಡುವುದು ಕಷ್ಟ. ಮರಳುಗಾಡಿನ ಸಂಜೆಯನ್ನು ಸೆರೆಹಿಡಿಯಹೊರಟ ಛಾಯಾಗ್ರಾಹಕನಿಗೆ ಈ ಮಾತಿನ ಅರ್ಥ ಬಹುಬೇಗ ತಿಳಿಯುತ್ತದೆ.

ಆಫ್ರಿಕಾ ಖಂಡದ ನಮೀಬಿಯಾ ದೇಶದಲ್ಲಿ ನಮೀಬ್ ಮರಳುಗಾಡಿದೆ. ಅಲ್ಲಿಯ ಮರಳಸಾಗರವು 2013ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಣಗಳಿಗೆ ಅಂಟಿದ ಕಬ್ಬಿಣದ ಆಕ್ಸೈಡಿನಿಂದ ಒಳನಾಡಿನ ದಿಬ್ಬಗಳು ಕೆಂಪಾಗಿವೆ. ನಡುಹಗಲಿನಲ್ಲಿ ಬೆಳಕು ನೆತ್ತಿಯ ಮೇಲಿಂದ ಸುರಿಯುವಾಗ ಬೆಟ್ಟದಂಥ ಈ ದಿಬ್ಬಗಳೂ ಚಪ್ಪಟೆಯಾಗಿ ತೋರುತ್ತವೆ. ಸೂರ್ಯನು ಇಳಿದಂತೆ ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ನೆರಳಾಗುತ್ತದೆ. ನಡುವೆ ದಿಬ್ಬದ ಅಂಚಿನ ರೇಖೆಯೊಂದೇ ಉಳಿಯುತ್ತದೆ. ಗಾಳಿಯ ಮರೆಯ ಮಗ್ಗುಲಲ್ಲಿ ಒಣಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದೆ ಜಾರುತ್ತದೆ. ಆದ್ದರಿಂದಲೇ ಆ ರೇಖೆ ಅಷ್ಟು ಹರಿತ.

ಛಾಯಾಗ್ರಾಹಕನು ಚೌಕಟ್ಟಿನಿಂದ ಮರವನ್ನು, ಮನುಷ್ಯನನ್ನು, ಮೋಡವನ್ನು ಒಂದೊಂದಾಗಿ ಹೊರಗಿಡುತ್ತಾನೆ. ಚಿತ್ರವು ಬಹುಪಾಲು ಬಯಲೇ ಆಗುತ್ತದೆ. ಕೊನೆಗೆ ಹೊರಗಿಡಬೇಕಾದದ್ದು ತನ್ನನ್ನೇ. ಇನ್ನೂ ಹತ್ತಿರದಿಂದ ಕಾಣಬೇಕೆಂದು ದಿಬ್ಬದ ಮೇಲೆ ನಡೆದರೆ ಆ ಹೆಜ್ಜೆಯ ಗುರುತೇ ಚಿತ್ರವನ್ನು ಕೆಡಿಸುತ್ತದೆ. ಗಾಳಿ ಅದನ್ನು ಅಳಿಸೀತು. ಆದರೆ ಅಂದಿನ ಬೆಳಕು ಅಲ್ಲಿಯವರೆಗೆ ಕಾಯದು. ಅದಕ್ಕಾಗಿಯೇ ಅವನು ದೂರದಲ್ಲಿ ನಿಂತು ಕಾಯುತ್ತಾನೆ. ಆಸೆಯನ್ನು ತಡೆದು ನಿಂತವನಿಗೇ ದಿಬ್ಬವು ತನ್ನ ರೂಪವನ್ನು ತೋರುತ್ತದೆ.