ಚಿಕ್ಕಮ್ಮನ ಆಫೀಸನ್ನು ಹುಡುಕುವವರು

"ನನ್ನನ್ನು ಗೂಗಲಿನವರು ಸಸ್ಪೆಂಡ್ ಮಾಡಿದ್ದಾರೆ ಮಾರಾಯ್ತಿ."

ಕಳೆದ ವರ್ಷ ಒಂದು ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ಐವತ್ತೊಂಬತ್ತು ವರ್ಷದ ಜೀವನದಲ್ಲಿ ಒಂದು ಮೆಮೊ ಕೂಡ ತೆಗೆದುಕೊಳ್ಳದ ಹೆಂಗಸು. ಸಾವು ನೋವಿನ ಸುದ್ದಿಯನ್ನೂ ಲೆಕ್ಕ ಒಪ್ಪಿಸುವ ದನಿಯಲ್ಲೇ ಹೇಳುವವರು. ಅವತ್ತು ದನಿ ನಡುಗುತ್ತಿತ್ತು.

ನಾನಿರುವುದು ಪುಣೆಯಲ್ಲಿ, ಅನುವಾದದ ಕೆಲಸ. ಮನೆಯವರ ಲೆಕ್ಕದಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಕಂಪ್ಯೂಟರಿನ ಸಕಲ ವಿದ್ಯೆಯೂ ಬರುತ್ತದೆ. ಭಾಷಾವಿಜ್ಞಾನದ ಎಂ.ಎ.ಗೂ ಗೂಗಲ್ ಅಮಾನತಿಗೂ ಏನು ಸಂಬಂಧ ಎಂದು ಕೇಳುವ ಹೊತ್ತು ಅದಲ್ಲ. ಮರುದಿನ ಬೆಳಗಿನ ರೈಲು ಹಿಡಿದು ಕಲ್ಯಾಣದಲ್ಲಿ ಇಳಿದೆ, ಲೋಕಲ್ ಹತ್ತಿ ಡೊಂಬಿವಲಿ ತಲುಪಿದೆ.

ಚಿಕ್ಕಮ್ಮ ಕುಂದಾಪುರದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದದ್ದು 1989ರಲ್ಲಿ. ಕೈಯಲ್ಲಿ ಬಿ.ಕಾಂ. ಇತ್ತು. ಕಾಲಬಾದೇವಿಯ ಬಟ್ಟೆ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಗುಜರಾತಿ ಮೆಹ್ತಾಜಿಯ ಪಕ್ಕದಲ್ಲಿ ಕೂತು ಕೆಂಪು ಬಟ್ಟೆ ಹೊದಿಸಿದ ವಹಿಯಲ್ಲಿ ಜಮಾ ಖರ್ಚು ಬರೆಯಲು ಕಲಿತರು. ಆಮೇಲೆ ಟ್ಯಾಲಿ ಬಂತು. 2006ರಲ್ಲಿ ಡೊಂಬಿವಲಿ ಪೂರ್ವದಲ್ಲಿ, ಒಂದು ಹಳೆ ಕಟ್ಟಡದ ಮೊದಲ ಮಹಡಿಯ ಒಂದೇ ಕೋಣೆಯಲ್ಲಿ ಸ್ವಂತ ಆಫೀಸು ತೆರೆದರು. ನಮ್ಮ ಅಜ್ಜಿಯ ಹೆಸರು, ಅದರ ಮುಂದೆ 'ಅಕೌಂಟ್ಸ್' ಎಂದು ಬೋರ್ಡು. ಗಿರಾಕಿಗಳು ಹೆಚ್ಚಾಗಿ ನಮ್ಮ ಊರ ಕಡೆಯ ಹೋಟೆಲಿನವರು, ಎರಡು ಮೂರು ಔಷಧ ಅಂಗಡಿ, ಎಂಐಡಿಸಿಯ ಸಣ್ಣ ವರ್ಕ್‌ಶಾಪುಗಳು. ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದವರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಕೂರಲು ಪುರುಸೊತ್ತಿರಲಿಲ್ಲ. ಅಂದಿನಿಂದ ಅವರ ಪಂಚಾಂಗದಲ್ಲಿ ಎರಡೇ ತಿಥಿ: 11ನೇ ತಾರೀಖು ಜಿಎಸ್‌ಟಿಆರ್-1, 20ನೇ ತಾರೀಖು 3ಬಿ.

ಕೊರೋನಾದ ನಂತರ ಲೆಕ್ಕ ತಲೆಕೆಳಗಾಯಿತು. ಕೆಲವು ಹೋಟೆಲು ಮುಚ್ಚಿದವು. ಕೆಲವನ್ನು ಮಾಲೀಕರು ಬಾಡಿಗೆಗೆ ಕೊಟ್ಟು ಊರಿಗೆ ಹೋದರು. ಕೆಲವು ಕಡೆ ಮಗ ಗಲ್ಲಾದಲ್ಲಿ ಕೂತ, ಲೆಕ್ಕ ಮೊಬೈಲ್ ಆ್ಯಪಿಗೆ ಹೋಯಿತು. ಮೂವತ್ತೊಂದು ಗಿರಾಕಿಗಳಿದ್ದ ಆಫೀಸಿನಲ್ಲಿ ಇಪ್ಪತ್ತೆರಡು ಉಳಿದರು. ಕೋಣೆಯ ಬಾಡಿಗೆ ಮಾತ್ರ ಇಳಿಯಲಿಲ್ಲ. ಜೊತೆಗೆ ಹದಿನಾಲ್ಕು ವರ್ಷದಿಂದ ಕೆಲಸ ಮಾಡುವ ಹುಡುಗಿಯೊಬ್ಬಳಿದ್ದಾಳೆ, ಅವಳ ಸಂಬಳ ಇಳಿಸಲು ಚಿಕ್ಕಮ್ಮ ತಯಾರಿರಲಿಲ್ಲ. ಆಗಲೇ ಒಂದು ಫೋನ್ ಬಂತು. "ನಿಮ್ಮ ಆಫೀಸನ್ನು ಗೂಗಲಿನಲ್ಲಿ ಮೊದಲಿಗೆ ತರುತ್ತೇವೆ. ಆರು ತಿಂಗಳಿಗೆ ಹನ್ನೆರಡು ಸಾವಿರ."

ಬಿಲ್ಲಿಲ್ಲದೆ ಒಂದು ಪೊರಕೆಯನ್ನೂ ಖರೀದಿಸದ ಚಿಕ್ಕಮ್ಮ ದುಡ್ಡು ಕಟ್ಟಿದರು. ಕೇಳಿದಾಗ ಒಟಿಪಿಯನ್ನೂ ಕೊಟ್ಟರು.

ಆ ಪುಣ್ಯಾತ್ಮ ಮಾಡಿದ್ದು ಇಷ್ಟು: ನಕಾಶೆಯಲ್ಲಿ ಅಜ್ಜಿಯ ಹೆಸರು ತೆಗೆದು 'ಬೆಸ್ಟ್ ಸಿಎ ಜಿಎಸ್‌ಟಿ ಐಟಿಆರ್ ಅಕೌಂಟೆಂಟ್ ಡೊಂಬಿವಲಿ ಈಸ್ಟ್' ಎಂದು ಬರೆದ. ಅಂಗಡಿಯ ಬೋರ್ಡಿನಲ್ಲಿರುವ ಹೆಸರೇ ನಕಾಶೆಯಲ್ಲೂ ಇರಬೇಕು, ಅದಕ್ಕೆ ಬೇರೆ ಪದಗಳನ್ನು ತುರುಕಬಾರದು ಎಂಬುದು ಗೂಗಲಿನ ನಿಯಮ. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಪ್ರೊಫೈಲೇ ಮಾಯವಾಯಿತು. ಅವನು ಫೋನ್ ಎತ್ತುವುದನ್ನು ಬಿಟ್ಟ.

ದುಡ್ಡು ಹೋದದ್ದಕ್ಕಿಂತ, ಪ್ರೊಫೈಲು ಹೋದದ್ದಕ್ಕಿಂತ ಚಿಕ್ಕಮ್ಮನನ್ನು ಕೊರೆದದ್ದು ಎರಡಕ್ಷರ. "ನಾನು ಸಿಎ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗಾಯ್ತಲ್ಲ. ನಾನು ಸಿಎ ಅಲ್ಲ. ಬಂದವರಿಗೆಲ್ಲ ಮೊದಲ ಮಾತೇ ಅದು ಹೇಳ್ತೇನೆ, ಗೊತ್ತುಂಟಾ?" ಸದಸ್ಯತ್ವವಿಲ್ಲದವರು ಚಾರ್ಟರ್ಡ್ ಅಕೌಂಟೆಂಟ್ ಎಂದು ಹೇಳಿಕೊಳ್ಳುವುದು 1949ರ ಕಾಯ್ದೆಯ ಪ್ರಕಾರ ಅಪರಾಧ. ಚಿಕ್ಕಮ್ಮನಿಗೆ ಕಾಯ್ದೆಯ ಭಯಕ್ಕಿಂತ ದೊಡ್ಡದು ಮರ್ಯಾದೆ.

ಅವತ್ತು ಮಧ್ಯಾಹ್ನ ಮೊದಲು ಆ ಮನುಷ್ಯನನ್ನು ಪ್ರೊಫೈಲಿನ ಮ್ಯಾನೇಜರ್ ಪಟ್ಟಿಯಿಂದ ತೆಗೆದು, ಹೆಸರನ್ನು ಬೋರ್ಡಿನಂತೆ ಸರಿಪಡಿಸಿದೆವು. ಆಮೇಲೆ ಅಪೀಲು. ಅದಕ್ಕೆ ಕಾಗದ ಬೇಕು: ವಿದ್ಯುತ್ ಬಿಲ್ಲು, ತೆರಿಗೆಯ ನೋಂದಣಿ, ಅಂಗಡಿಯ ನೋಂದಣಿ. ಕಾಗದದ ವಿಷಯದಲ್ಲಿ ಚಿಕ್ಕಮ್ಮನನ್ನು ಮೀರಿಸುವವರಿಲ್ಲ. ಕಪಾಟು ತೆರೆದು, "ಗುಮಾಸ್ತಾ ಇಲ್ಲುಂಟು ನೋಡು" ಎಂದು ಒಂದು ಹಾಳೆ ಕೊಟ್ಟರು.

ನಾನು ನಕ್ಕುಬಿಟ್ಟೆ. ನಮಗೆ ಗುಮಾಸ್ತ ಎಂದರೆ ಮನುಷ್ಯ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಲೆಕ್ಕ ಬರೆಯುವವನು. ಪರ್ಷಿಯನ್ನಿನಲ್ಲಿ ಅದು ನೇಮಕಗೊಂಡ ಪ್ರತಿನಿಧಿ. ಮುಂಬೈಯಲ್ಲಿ ಗುಮಾಸ್ತಾ ಎಂದರೆ ಅಂಗಡಿ ಕಾಯ್ದೆಯ ಪರವಾನಗಿ. 2017ರ ಹೊಸ ಕಾಯ್ದೆ ಬಂದ ಮೇಲೆ ಕೆಲವೇ ಕೆಲಸಗಾರರಿರುವ ಸಣ್ಣ ಅಂಗಡಿಗೆ ಪರವಾನಗಿ ಬೇಡ, ಆನ್‌ಲೈನಿನಲ್ಲಿ ಸೂಚನೆ ಕೊಟ್ಟು ರಸೀದಿ ಪಡೆದರೆ ಸಾಕು. ಜನ ಆ ರಸೀದಿಯನ್ನೂ ಗುಮಾಸ್ತಾ ಎಂದೇ ಕರೆಯುತ್ತಾರೆ.

"ಇದನ್ನು ಮಾಡಿಸಿಕೊಡಿ ಅಂತ ಜನ ಬರುತ್ತಾರಾ?" ಎಂದು ಕೇಳಿದೆ.

"ಬಾರದೆ? ಹೊಸ ಅಂಗಡಿ ಹಾಕುವವನಿಗೆ ಮೊದಲು ಬೇಕಾದ್ದೇ ಅದು. ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಜಿಎಸ್‌ಟಿ, ಆಮೇಲೆ ಲೆಕ್ಕ."

ಇಷ್ಟು ವರ್ಷದಲ್ಲಿ ಆ ಪದ ಚಿಕ್ಕಮ್ಮನ ಬೋರ್ಡಿನಲ್ಲಾಗಲಿ, ಕಾರ್ಡಿನಲ್ಲಾಗಲಿ, ಪ್ರೊಫೈಲಿನಲ್ಲಾಗಲಿ ಎಲ್ಲೂ ಇರಲಿಲ್ಲ. ಇದ್ದದ್ದು 'ಬುಕ್‌ಕೀಪಿಂಗ್'. ಅದನ್ನು ಓದಿ ಜೂನ್ ತಿಂಗಳಲ್ಲಿ ಒಬ್ಬರು ಏಳನೇ ತರಗತಿಯ ಪುಸ್ತಕ ಇದೆಯಾ ಎಂದು ಫೋನ್ ಮಾಡಿದ್ದರಂತೆ.

ಆಗ ನನಗೆ ಇದು ನನ್ನದೇ ಕೆಲಸ ಎನ್ನಿಸಿತು. ಮೂಲದಲ್ಲಿರುವ ಪದಕ್ಕೆ ನಿಘಂಟಿನ ಪದ ಇಡುವುದು ಸುಲಭ, ಓದುವವನ ಬಾಯಲ್ಲಿರುವ ಪದ ಹುಡುಕುವುದೇ ಕಷ್ಟ. ನಮ್ಮ ಕೆಲಸಕ್ಕೆ ನಾವಿಟ್ಟುಕೊಂಡ ಹೆಸರು ಒಂದು, ಸಂಕಟದಲ್ಲಿರುವವನು ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಟೈಪ್ ಮಾಡುವುದು ಇನ್ನೊಂದು. ಅವನಿಗೆ ಬುಕ್‌ಕೀಪಿಂಗ್ ಬೇಕಿಲ್ಲ, 'ಜಿಎಸ್‌ಟಿ ನೋಟಿಸ್ ಬಂದಿದೆ ಏನು ಮಾಡಬೇಕು' ಎಂಬುದು ಗೊತ್ತಾಗಬೇಕು.

ಆಫೀಸಿನ ಹುಡುಗಿಯ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಒಂದು ತಿಂಗಳು ಬಂದವರ, ಫೋನ್ ಮಾಡಿದವರ ಮೊದಲ ವಾಕ್ಯವನ್ನು ಅವರ ಮಾತಿನಲ್ಲೇ ಬರೆದಿಡಲು ಹೇಳಿದೆ. ಪಟ್ಟಿ ಚೆನ್ನಾಗಿತ್ತು. 'ಹಿಸಾಬ್ ಲಿಖನೇವಾಲಾ ಚಾಹಿಯೆ.' 'ಟ್ಯಾಲಿ ಮಾಡುವವರಾ?' 'ರಿಟರ್ನ್ ಭರಾಯಚಾ ಆಹೆ.' 'ಗುಮಾಸ್ತಾ ಕಿತನೇಮೇ ಹೋಗಾ?' ನಮ್ಮವರು ಮಾತ್ರ, "ಅಕ್ಕ, ಕಿರ್ದಿ ಬರೆಯಲು ಯಾರೂ ಇಲ್ಲ." ಕಿರ್ದಿ ಮರಾಠಿಯಲ್ಲೂ ಇರುವ ಪದ. ಕುಂದಾಪುರದವರ ಬಾಯಲ್ಲಿ ಅದನ್ನು ಡೊಂಬಿವಲಿಯಲ್ಲಿ ಕೇಳಿ ಖುಷಿಯಾಯಿತು. ಆದರೆ ಕಿರ್ದಿ ಎನ್ನುವವರು ಗೂಗಲಿನಲ್ಲಿ ಹುಡುಕುವುದಿಲ್ಲ, ಅವರು ನೇರ ಮೆಟ್ಟಿಲು ಹತ್ತಿ ಬರುತ್ತಾರೆ.

ಆ ಪಟ್ಟಿಯಿಂದ ಸೇವೆಗಳ ಹೆಸರು ಬರೆದೆವು. ಒಂದು ಪುಟದ ವೆಬ್‌ಸೈಟನ್ನೂ ಮಾಡಿದೆವು, ಹಿಂದಿ, ಮರಾಠಿ, ಇಂಗ್ಲಿಷ್, ಕನ್ನಡದಲ್ಲಿ. ಮೊದಲ ವಾಕ್ಯ ಚಿಕ್ಕಮ್ಮನದು: "ನಾವು ಸಿಎ ಅಲ್ಲ. ದಿನದ ಲೆಕ್ಕ ನಾವು ಬರೆಯುತ್ತೇವೆ, ಆಡಿಟ್ ಬೇಕಾದಾಗ ಸಿಎ ಹತ್ತಿರ ನಾವೇ ಕರೆದೊಯ್ಯುತ್ತೇವೆ." ಸಿಎ ಎಂಬ ಪದವೂ ಪುಟದಲ್ಲಿ ಬಂತು, ಸುಳ್ಳೂ ಆಗಲಿಲ್ಲ.

ಇಂಥದ್ದೇ ಸಣ್ಣ ವ್ಯವಹಾರ ನಡೆಸುವವರು ನಿಮ್ಮಲ್ಲೂ ಇರಬಹುದು, ಅದಕ್ಕೇ ಹೇಳುತ್ತೇನೆ. ಹತ್ತಿರದ ಹುಡುಕಾಟದಲ್ಲಿ ಯಾರನ್ನು ಮೇಲೆ ತೋರಿಸಬೇಕು ಎನ್ನುವುದಕ್ಕೆ ಗೂಗಲ್ ಸ್ವತಃ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದುತ್ತದೆ, ಹುಡುಕುವವನಿಂದ ನೀವು ಎಷ್ಟು ದೂರ, ನೀವು ಎಷ್ಟು ಹೆಸರುವಾಸಿ. ದುಡ್ಡು ಕೊಟ್ಟು ಈ ಸಾಲಿನಲ್ಲಿ ಮುಂದೆ ಹೋಗಲು ಬರುವುದಿಲ್ಲ ಎಂದೂ ಅದೇ ಹೇಳುತ್ತದೆ. ಹನ್ನೆರಡು ಸಾವಿರ ಕಟ್ಟುವ ಮುಂಚೆ ಚಿಕ್ಕಮ್ಮ ಇದನ್ನು ಓದಿದ್ದರೆ ಸಾಕಿತ್ತು. ಮೂರರಲ್ಲಿ ದೂರ ನಮ್ಮ ಕೈಯಲ್ಲಿಲ್ಲ. ಚಿಕ್ಕಮ್ಮ ತಮ್ಮ ಕುರ್ಚಿಯಲ್ಲೇ ಕೂತು ಹುಡುಕಿ, "ನೋಡು, ನಾನೇ ಮೊದಲು!" ಎಂದು ಸಂಭ್ರಮಪಟ್ಟಿದ್ದರು. ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ನಾನು ಹುಡುಕಿದಾಗ ಅವರು ಎಲ್ಲೂ ಇರಲಿಲ್ಲ.

ಉಳಿದದ್ದು ಬೇಸರದ, ಆದರೆ ಲೆಕ್ಕ ಬರೆಯುವವರಿಗೆ ಅಭ್ಯಾಸವಿರುವ ಕೆಲಸ: ತಾಳೆ ನೋಡುವುದು. ಒಂದು ಹಳೆ ಡೈರೆಕ್ಟರಿಯಲ್ಲಿ ಎಂಟು ವರ್ಷದ ಹಿಂದೆ ಕಡಿತವಾದ ಲ್ಯಾಂಡ್‌ಲೈನ್ ಸಂಖ್ಯೆ ಇತ್ತು. ಎಷ್ಟು ಜನ ಆ ಸತ್ತ ಸಂಖ್ಯೆಗೆ ಫೋನ್ ಮಾಡಿ ಬೇರೆಡೆಗೆ ಹೋದರೋ. ಇನ್ನೊಂದರಲ್ಲಿ ಕಟ್ಟಡದ ಹೆಸರು ತಪ್ಪು. ಎಲ್ಲ ಕಡೆ ಒಂದೇ ಹೆಸರು, ಒಂದೇ ವಿಳಾಸ, ಒಂದೇ ಫೋನು ಬರುವ ತನಕ ಚಿಕ್ಕಮ್ಮ ಬಿಡಲಿಲ್ಲ. "ಒಂದು ಪೈಸೆ ವ್ಯತ್ಯಾಸ ಬಂದರೂ ಇಡೀ ಪುಟ ನೋಡಬೇಕು" ಎಂದರು.

ಆಮೇಲೆ ಗೂಗಲ್ ವೀಡಿಯೊ ಕೇಳಿತು. ರಸ್ತೆ, ಕಟ್ಟಡ, ಬೋರ್ಡು, ಬೀಗ ತೆಗೆಯುವ ಕೈ, ಒಳಗಿನ ಕೆಲಸದ ಜಾಗ, ಎಲ್ಲವೂ ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ. ನಾನು ಮೊಬೈಲ್ ಹಿಡಿದು ಸಿದ್ಧಳಾದರೆ ಚಿಕ್ಕಮ್ಮ, "ಸ್ವಲ್ಪ ನಿಲ್ಲು" ಎಂದು ಒಳಗೆ ಹೋದರು. ಹತ್ತು ನಿಮಿಷ ಬರಲಿಲ್ಲ. ಹೋಗಿ ನೋಡಿದರೆ ಕುರ್ಚಿ ಹತ್ತಿ, ಕಪಾಟಿನ ಫೈಲುಗಳ ಬೆನ್ನಿಗೆ ಹಳೆ ಪೇಪರ್ ಅಂಟಿಸುತ್ತಿದ್ದರು. ಫೈಲಿನ ಬೆನ್ನಿನ ಮೇಲೆ ಗಿರಾಕಿಗಳ ಹೆಸರಿತ್ತು. "ಯಾರ ಲೆಕ್ಕ ಇಲ್ಲುಂಟು ಅಂತ ಗೂಗಲಿಗೆ ಎಂತಕ್ಕೆ?"

ಎರಡು ವಾರದ ಮೇಲೆ ಪ್ರೊಫೈಲು ಮರಳಿ ಬಂತು. ಆಗ ಉಳಿದದ್ದು ಹೆಸರುವಾಸಿಯಾಗುವ ಕೆಲಸ, ಅಂದರೆ ರಿವ್ಯೂ. ಚಿಕ್ಕಮ್ಮ ಒಪ್ಪಲಿಲ್ಲ. "ಡಾಕ್ಟರ ಹತ್ತಿರ ಹೋದದ್ದನ್ನು, ಲೆಕ್ಕದವರ ಹತ್ತಿರ ಹೋದದ್ದನ್ನು ಜನ ಹೇಳಿಕೊಂಡು ತಿರುಗುವುದಿಲ್ಲ." ದುಡ್ಡು ಕೊಟ್ಟೋ ರಿಯಾಯಿತಿ ಕೊಟ್ಟೋ ಬರೆಸುವುದು ನಿಯಮಕ್ಕೆ ವಿರುದ್ಧ, ಅದು ಅವರಿಗೂ ಬೇಡ. ಕೊನೆಗೆ ಹಳೆಯ ಗಿರಾಕಿಗಳ ಹತ್ತಿರ ಒಂದೇ ಮಾತು ಕೇಳಲು ಒಪ್ಪಿದರು: "ಬರೆಯಬಹುದು ಅನ್ನಿಸಿದರೆ ಬರೆಯಿರಿ." ಹೋಟೆಲಿನ ಅಣ್ಣನೊಬ್ಬರು ಕನ್ನಡದಲ್ಲೇ ಬರೆದರು: ಹದಿನೈದು ವರ್ಷದಲ್ಲಿ ಒಂದು ನೋಟಿಸೂ ಬಂದಿಲ್ಲ. ಅಷ್ಟೇ. ಅದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ಎರಡು ದಿನ ಕೂತರೂ ಬರೆಯಲಾರೆ.

ಒಂದೊಂದಾಗಿ ಒಂಬತ್ತು ಬಂದವು. ಹತ್ತನೆಯದು ಒಂದು ನಕ್ಷತ್ರದ್ದು. 'ಮ್ಯಾಡಮ್‌ಗೆ ಕೆಲಸ ಗೊತ್ತಿಲ್ಲ, ಸಹಕರಿಸುವುದಿಲ್ಲ.'

ಚಿಕ್ಕಮ್ಮನಿಗೆ ಆ ಮನುಷ್ಯ ಗೊತ್ತು. ಸರಕೇ ಇಲ್ಲದ ಖರೀದಿ ಬಿಲ್ಲುಗಳನ್ನು ತಂದು, ತೆರಿಗೆ ಇಳಿಸಿಕೊಳ್ಳಲು ಲೆಕ್ಕಕ್ಕೆ ಸೇರಿಸಿ ಎಂದಿದ್ದ. ಇವರು ಆಗುವುದಿಲ್ಲ ಎಂದಿದ್ದರು. ನನಗೆ ಸಿಟ್ಟು ಬಂತು. ಕೂತಲ್ಲೇ ಒಂದು ಉತ್ತರ ಬರೆದೆ, ನಯವಾದ ಇಂಗ್ಲಿಷಿನಲ್ಲಿ, ಓದಿದವರಿಗೆಲ್ಲ ಅವನು ಕೇಳಿದ್ದೇನೆಂದು ತಿಳಿಯುವ ಹಾಗೆ. ಅರ್ಥ ಓದಿ ಹೇಳಿದೆ. ಚಿಕ್ಕಮ್ಮ ತಲೆಯಾಡಿಸಿದರು.

"ಅದೆಲ್ಲ ಬೇಡ."

"ಅವನು ನಿಮ್ಮ ಹೊಟ್ಟೆಯ ಮೇಲೆ ಹೊಡೆದಿದ್ದಾನೆ ಚಿಕ್ಕಮ್ಮ. ನಿಜ ಹೇಳಲಿಕ್ಕೆ ಏನು?"

"ನಿಜವೇ. ಆದರೆ ಅವನು ಅದನ್ನು ಈ ಕೋಣೆಯ ಒಳಗೆ ಹೇಳಿದ್ದು."

ಅವರು ಹೇಳಿ ಬರೆಸಿದ ಉತ್ತರ ಎರಡೇ ಸಾಲು: "ನಿಮ್ಮ ಕಾಗದ ಪತ್ರಗಳನ್ನೆಲ್ಲ ಪರಿಶೀಲಿಸಿ ಹಿಂದಿರುಗಿಸಿದ್ದೇವೆ. ಒಂದೂ ನಮ್ಮಲ್ಲಿ ಉಳಿದಿಲ್ಲ. ನಮಸ್ಕಾರ." ನಾನು ಅದನ್ನು ಹಿಂದಿಗೂ ಇಂಗ್ಲಿಷಿಗೂ ಅನುವಾದಿಸಿದೆ. ಸಾಲು ಚಿಕ್ಕದಾದರೂ ಬಹಳ ಹೊತ್ತು ಹಿಡಿಯಿತು. ನನ್ನ ಸಿಟ್ಟು ಎಲ್ಲಿಂದಲಾದರೂ ನುಸುಳಿಬಿಡುತ್ತಿತ್ತು.

ಈಗ ಎಂಟು ತಿಂಗಳಾಗಿದೆ. ಪವಾಡವೇನೂ ಆಗಿಲ್ಲ. ಸೇತುವೆಯ ಮೇಲೆ ನಿಂತು ಹುಡುಕಿದರೆ ಕೆಲವು ದಿನ ಚಿಕ್ಕಮ್ಮ ನಕಾಶೆಯ ಮೊದಲ ಮೂರರಲ್ಲಿ ಇರುತ್ತಾರೆ, ಕೆಲವು ದಿನ ಇರುವುದಿಲ್ಲ. 'ಗುಮಾಸ್ತಾ' ಎಂದು ಹುಡುಕಿದರೆ ಹೆಚ್ಚಾಗಿ ಇರುತ್ತಾರೆ. ಹಾಗೆ ರಸೀದಿ ಮಾಡಿಸಲು ಬಂದವರಲ್ಲಿ ಐದು ಜನ ತಿಂಗಳ ಲೆಕ್ಕಕ್ಕೆ ಉಳಿದುಕೊಂಡರು. ಈ ನಡುವೆ ಹಳಬರು ಇಬ್ಬರು ಹೋದರು. ಇಪ್ಪತ್ತೆರಡಿದ್ದದ್ದು ಇಪ್ಪತ್ತೈದಾಗಿದೆ. ಹುಡುಗಿಯ ಸಂಬಳ ಇಳಿದಿಲ್ಲ.

ಕಳೆದ ತಿಂಗಳು ನಾನು ಅಲ್ಲಿದ್ದಾಗಲೇ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಮನೆಯಿಂದಲೇ ಡಬ್ಬಿ ಊಟದ ವ್ಯವಹಾರ ನಡೆಸುವವರು, ಕೈಯಲ್ಲಿ ಬಟ್ಟೆಯ ಚೀಲದ ತುಂಬ ಬಿಲ್ಲುಗಳು. ಕೂತವರೇ ಮೊಬೈಲ್ ತೋರಿಸಿ ಹಿಂದಿಯಲ್ಲಿ ಕೇಳಿದರು, "ಈ ಒಂದು ಸ್ಟಾರ್ ಕೊಟ್ಟವನ ಜೊತೆ ನಿಮಗೆ ಜಗಳ ಆಗಿದ್ದು ಯಾತಕ್ಕೆ?"

ಚಿಕ್ಕಮ್ಮ ಕನ್ನಡಕ ಒರೆಸಿಕೊಂಡರು. "ಅದು ಅವರ ಲೆಕ್ಕ. ನಿಮ್ಮದು ಹೇಳಿ."

ಆಕೆ ಒಂದು ಗಳಿಗೆ ಚಿಕ್ಕಮ್ಮನ ಮುಖ ನೋಡಿದರು. ಆಮೇಲೆ ಚೀಲವನ್ನು ಮೇಜಿನ ಮೇಲೆ ಮಗುಚಿದರು.