ಅಚ್ಚಾದ ಮೇಲೆ

ಪುಸ್ತಕ ಬರೆಯುವುದು ಕಷ್ಟವೆಂದು ಬಹುಕಾಲ ನಂಬಿದ್ದೆ. ಅಚ್ಚು ಹಾಕಿಸುವುದು ಅದಕ್ಕಿಂತಲೂ ಕಷ್ಟವೆಂಬುದು ಆಮೇಲೆ ತಿಳಿಯಿತು. ಇವೆರಡೂ ಕೇವಲ ಪೀಠಿಕೆಯೆಂದೂ, ನಿಜವಾದ ಅಧ್ಯಾಯ ಆರಂಭವಾಗುವುದು ಪುಸ್ತಕದ ಕಟ್ಟುಗಳು ಮನೆಬಾಗಿಲಿಗೆ ಬಂದಿಳಿದ ದಿನವೆಂದೂ ಅರಿವಾಗುವ ಹೊತ್ತಿಗೆ ನನ್ನ ಹೆಂಡತಿಯ ಚೀಟಿಯ ಹಣ ಪೂರ್ತಿಯಾಗಿ ಕರಗಿಹೋಗಿತ್ತು.

ಆ ಹಣವಾದರೋ ನಮ್ಮೂರು ಬಿ.ಜಿ. ಕೆರೆಯ ಹಳೆಯ ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಸಲೆಂದು ಕೂಡಿಟ್ಟದ್ದು. ಆ ಮನೆಯಲ್ಲಿ ಈಗ ಅಮ್ಮ ಒಬ್ಬಳೇ ಇದ್ದಾಳೆ. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. “ನಮ್ಮ ಸೀಮೆಗೆ ಮಳೆ ಬರುವುದೇ ಅಪರೂಪ. ಮಾಳಿಗೆ ಒಂದು ವರ್ಷ ಕಾಯಲಿ, ಪುಸ್ತಕ ಮಾರಿದ ಹಣದಲ್ಲಿ ಹೊಸದನ್ನೇ ಹಾಕಿಸೋಣ” ಎಂದು ಹೆಂಡತಿಯನ್ನು ಒಪ್ಪಿಸಿದೆ. ನೂರರವತ್ತು ಪುಟದ ಪ್ರಬಂಧ ಸಂಕಲನ, 500 ಪ್ರತಿ, ಮುದ್ರಣದ ವೆಚ್ಚ 40,000 ರೂಪಾಯಿ. ಬೆಲೆ 150 ಎಂದು ನಮೂದಿಸಿದೆ. ಏಕೆಂದರೆ ನನ್ನ ಮೇಜಿನ ಮೇಲಿದ್ದ, ಅಷ್ಟೇ ದಪ್ಪದ ಇನ್ನೊಂದು ಪುಸ್ತಕದ ಬೆಲೆ ಅಷ್ಟಿತ್ತು!

ನನ್ನ ಅಜ್ಞಾನಕ್ಕೆ ನನ್ನ ವೃತ್ತಿಯೂ ಒಂದಿಷ್ಟು ಕಾರಣ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ವರ್ಷವರ್ಷವೂ ಪಾಠ ಹೇಳಿದ್ದೇನೆ. ಲಿಪಿಕಾರರ ಕೂಲಿ ಎಷ್ಟು, ಸಾಗಿಸಿದವರು ಯಾರು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದವು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಮಾತನ್ನು ಬಂಡೆಗಿಳಿಸಿದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದ್ದಾನೆ. ಭಾಗ್ಯವಂತ! ವೆಚ್ಚ ಚಕ್ರವರ್ತಿಯದು, ಬಂಡೆಗೆ ಕಮಿಷನ್ ಇಲ್ಲ, ಮಾರಾಟವಾಗದೆ ಹಿಂದಿರುಗುವ ಭಯವಂತೂ ಇಲ್ಲವೇ ಇಲ್ಲ.

ನನ್ನ ಪುಸ್ತಕಕ್ಕೆ ಆ ಭಾಗ್ಯವಿರಲಿಲ್ಲ. ಗೌರವಪ್ರತಿಗಳೆಂದು 70 ಹಂಚಿದೆ. ಪಡೆದವರೆಲ್ಲರೂ ಮುಖಪುಟ ಚೆನ್ನಾಗಿದೆಯೆಂದರು. ದೊಡ್ಡ ನಗರದ ಅಂಗಡಿಯೊಂದಕ್ಕೆ 100 ಪ್ರತಿ ಕಳುಹಿಸಿದೆ. ನೂರಕ್ಕೆ ನಲವತ್ತು ಕಮಿಷನ್. ಮಾರಿದ ಮೇಲೆ ಹಣ. ವರ್ಷ ಕಳೆದ ಮೇಲೆ 83 ಪ್ರತಿಗಳು ಮೂಲೆ ಮಡಚಿಕೊಂಡು ಹಿಂದಿರುಗಿದವು. 17ರ ಹಣ ಎಂಟು ಕಾಗದ ಬರೆದ ಮೇಲೆ ಬಂತು. ಉಳಿದ ಕಟ್ಟುಗಳೆಲ್ಲ ಊರಿನ ಮನೆಯಲ್ಲಿದ್ದವು.

ಆ ವರ್ಷವೇ ಮಳೆ ಸುರಿಯಬೇಕೆ! ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಓಡಿದೆ. ಮನೆಯೊಳಗೆ ಒಣಗಿದ್ದುದು ಒಂದೇ ಮೂಲೆ, ಅಮ್ಮ ಮಲಗುತ್ತಿದ್ದ ಮೂಲೆ. ಅಲ್ಲಿ ನನ್ನ ಪುಸ್ತಕಗಳಿದ್ದವು. ಮೇಲೆ ಅವಳ ಕಂಬಳಿ ಹೊದಿಸಿತ್ತು. ಅಮ್ಮ ಒಲೆಯ ಬಳಿ ಕುಳಿತೇ ರಾತ್ರಿ ಕಳೆದಿದ್ದಳು. “ನಲವತ್ತು ನೆಂದುಹೋದವು ಕಣಪ್ಪ, ಎತ್ತಿಡೋಷ್ಟರಲ್ಲಿ” ಎಂದಳು, ತನ್ನದೇ ತಪ್ಪೆಂಬಂತೆ.

ಸುದ್ದಿ ತಿಳಿದು ಮೊಳಕಾಲ್ಮೂರಿನಿಂದ ಸೋದರಮಾವ ಬಂದರು. ರೇಷ್ಮೆ ಸೀರೆ ನೇಯುವವರು. ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟವರು. ಲೆಕ್ಕ ಕೇಳಿದರು, ಹೇಳಿದೆ. ಪ್ರತಿಗೆ ತಗುಲಿದ್ದು 80. ಅಂಗಡಿಯಿಂದ ಬರುವುದು 90. ದಾನ ಕೊಟ್ಟ 70 ಕಳೆದರೆ ಉಳಿಯುವುದು 430. ಅಷ್ಟೂ ಮಾರಿದರೆ 38,700.

“ಅಂದ್ರೆ ಒಂದೂ ಉಳಿಯದಂಗೆ ಮಾರಿದ್ರೂ ನಿನಗೆ ಸಾವಿರದ ಮುನ್ನೂರು ಲುಕ್ಸಾನು, ಅಲ್ವೇನಪ್ಪಾ ಅಳಿಯಾ?” ಎಂದರು. “ನಾವು ಸೀರೆಗೆ ಬೆಲೆ ಕಟ್ಟೋವಾಗ ಅಂಗಡಿಯವನ ಪಾಲು ಮೊದಲು ತೆಗೆದಿಡ್ತೀವಿ. ಆಮೇಲೆ ನೂಲು, ಆಮೇಲೆ ಕೂಲಿ. ನೀನು ಕಾಗದಕ್ಕೆ ಬೆಲೆ ಕಟ್ಟಿದೆ, ದಾರಿಗೆ ಕಟ್ಟಲಿಲ್ಲ.”

ಎಂ.ಎ. ತರಗತಿಯಲ್ಲಿ ಯಾರೂ ಕಲಿಸದ ಪಾಠವನ್ನು ಅಂದು ಕಲಿತೆ. ಅಂಗಡಿಯವರನ್ನು ದೂರುವುದನ್ನೂ ಬಿಟ್ಟೆ. ಅವರಿಗೂ ಬಾಡಿಗೆಯಿದೆ, ಮಾರದ ಪುಸ್ತಕಕ್ಕೂ ಕಪಾಟಿನಲ್ಲಿ ಜಾಗ ಬೇಕು. ನಮ್ಮ ಹಿರಿಯರು ಈ ದಾರಿಯನ್ನು ಹೇಗೆ ಕ್ರಮಿಸಿದರೆಂದು ಮತ್ತೆ ಓದಿದೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಹೊರತಂದಿತು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಇವರೆಲ್ಲರ ಶೈಲಿಯನ್ನು ತರಗತಿಯಲ್ಲಿ ಚರ್ಚಿಸಿದ್ದ ನಾನು ಇವರ ಕಾಲಿನ ಧೂಳನ್ನು ಗಮನಿಸಿರಲಿಲ್ಲ.

ನಾನೂ ಚೀಲ ಹೆಗಲಿಗೇರಿಸಿದೆ. ಶಾಲಾ ವಾರ್ಷಿಕೋತ್ಸವ, ಸಾಹಿತ್ಯ ಪರಿಷತ್ತಿನ ಸಭೆ, ಗೆಳೆಯರ ಮನೆಯ ಗೃಹಪ್ರವೇಶ, ಎಲ್ಲಿಗೆ ಹೋದರೂ ಹತ್ತು ಪ್ರತಿ ಜೊತೆಗಿರುತ್ತಿದ್ದವು. ಮೊದಲ ದಿನ ಬೆಲೆ ಹೇಳಲು ನಾಲಗೆ ಏಳಲಿಲ್ಲ. ವಿದ್ಯಾರ್ಥಿಗಳಿಗೆ ಮಾತ್ರ ಮಾರುವುದಿಲ್ಲವೆಂದು ನಿಶ್ಚಯಿಸಿದ್ದೆ. ಅಂಕ ಹಾಕುವ ಕೈ ಅವರ ಮುಂದೆ ಚಾಚಬಾರದು. ಒಮ್ಮೆ ಚಳ್ಳಕೆರೆಯ ಬಸ್‌ನಿಲ್ದಾಣದಲ್ಲಿ ಕುರಿ ವ್ಯಾಪಾರಿಯೊಬ್ಬರು ಪುಸ್ತಕವನ್ನು ತಿರುಗಿಸಿ ನೋಡಿ, “ಇದರಾಗೆ ನಮ್ ಕಡೆ ಊರು ಐತೇನು, ಮೇಷ್ಟ್ರೇ?” ಎಂದರು. ಇದೆಯೆಂದು ಪುಟ ತೆಗೆದು ತೋರಿಸಿದೆ. ಮಗಳು ಓದಿ ಹೇಳುತ್ತಾಳೆಂದು, ಹದಿನೈದು ರೂಪಾಯಿ ಚೌಕಾಸಿ ಮಾಡಿ ಕೊಂಡರು. ಗೌರವಪ್ರತಿ ಪಡೆದ ಎಪ್ಪತ್ತು ಜನರಲ್ಲಿ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ಅಂದಿನಿಂದ ನನ್ನ ಬೆಲೆ 135.

ಲೆಕ್ಕದ ಪುಸ್ತಕ ಈಗ ಹೆಂಡತಿಯ ವಶದಲ್ಲಿದೆ. ಎರಡು ವರ್ಷದಲ್ಲಿ ಕೈಯಾರೆ ಮಾರಿದ್ದು 236. ಅಂಗಡಿಯ ಹಣವೂ ಸೇರಿ ಬಂದದ್ದು 33,390 ರೂಪಾಯಿ. “ಇನ್ನು 49 ಹೋದರೆ ಅಸಲು ಬರುತ್ತದೆ ನೋಡಿ” ಎನ್ನುತ್ತಾಳೆ. ಬಂದ ಹಣವನ್ನು ನನ್ನ ಕೈಗೆ ಕೊಡದೆ, ಕಳೆದ ಬೇಸಗೆಯಲ್ಲಿ ನೇರವಾಗಿ ಗಾರೆಯವನಿಗೇ ಕೊಟ್ಟಳು. ಮಾಳಿಗೆ ಈಗ ಸೋರುವುದಿಲ್ಲ. ಅಮ್ಮ ತನ್ನ ಮೂಲೆಗೆ ಹಿಂದಿರುಗಿದ್ದಾಳೆ.

ಪೆಟ್ಟಿಗೆಯಲ್ಲಿ ಇನ್ನೊಂದು ಹಸ್ತಪ್ರತಿಯಿದೆ. ಅದಕ್ಕೆ ಬೆಲೆ ಕಟ್ಟುವ ಮುನ್ನ ಒಮ್ಮೆ ಮೊಳಕಾಲ್ಮೂರಿಗೆ ಹೋಗಿಬರಬೇಕು.